ಮಾವಿನ ಸುಗ್ಗಿಯ ಕೂಲಿ ಬಿಟ್ಟು ಬರುವ ಮಗುವಿಗೆ ಸಂಶೋಧನಾ ಇಂಟರ್ನ್‌ಶಿಪ್: ಸ್ಟೈಪೆಂಡ್ ಕೊಡುವವರು ಯಾರು?

ವಿಜ್ಞಾನ ಶಿಕ್ಷಕ, ಶ್ರೀನಿವಾಸಪುರ

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ನಮ್ಮ ಸರ್ಕಾರಿ ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ ಈಗ ಪ್ರಥಮ ಪಿಯುಸಿ ಓದುತ್ತಿರುವ ಹುಡುಗಿಯೊಬ್ಬಳು ಮೊನ್ನೆ ಭಾನುವಾರ ಮನೆಗೆ ಬಂದಿದ್ದಳು. ಮೊಬೈಲಿನಲ್ಲಿ ಒಂದು ಪಟ್ಟಿ ತೋರಿಸಿದಳು. ಅಮೆರಿಕದಲ್ಲಿ ಅವಳ ವಯಸ್ಸಿನ ಮಕ್ಕಳನ್ನು ಬೇಸಿಗೆ ರಜೆಯಲ್ಲಿ ವೈದ್ಯಕೀಯ ಪ್ರಯೋಗಾಲಯಗಳಿಗೆ ಸೇರಿಸಿಕೊಂಡು, ಎಂಟು ಹತ್ತು ವಾರ ಕೆಲಸ ಕಲಿಸಿ, ಮೇಲೆ ಸ್ಟೈಪೆಂಡನ್ನೂ ಕೊಡುತ್ತಾರಂತೆ. "ನಮ್ಮ ಕಡೆ ಇಂಥದ್ದು ಇದೆಯೇ ಸರ್?" ಎಂದು ಕೇಳಿದಳು. ಅವಳಿಗೆ ಉತ್ತರ ಕೊಡಲು ನನಗೆ ಆಗಲಿಲ್ಲ.

ಅವಳ ಮನೆಯ ಸ್ಥಿತಿ ನನಗೆ ಗೊತ್ತು. ಮೇ ತಿಂಗಳು ಬಂತೆಂದರೆ ನಮ್ಮೂರಿನಲ್ಲಿ ಮಾವಿನ ಸುಗ್ಗಿ. ತಾಯಿ, ಮಗಳು ಇಬ್ಬರೂ ಮಂಡಿಯಲ್ಲಿ ಕಾಯಿ ವಿಂಗಡಿಸಲು ಹೋಗುತ್ತಾರೆ. ಆ ಕೂಲಿಯಿಂದಲೇ ಜೂನ್‌ನಲ್ಲಿ ಕಾಲೇಜಿನ ಶುಲ್ಕ, ಪುಸ್ತಕ, ತಮ್ಮನ ಸಮವಸ್ತ್ರ ಎಲ್ಲವೂ ಆಗಬೇಕು. ಹಾಗಾಗಿ ಸಂಬಳವಿಲ್ಲದ ಇಂಟರ್ನ್‌ಶಿಪ್ ಎಷ್ಟೇ ಒಳ್ಳೆಯದಿದ್ದರೂ ಅವಳ ಪಾಲಿಗೆ ಅದು ಇಲ್ಲದಂತೆಯೇ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ವೈದ್ಯರು, ಸಂಶೋಧಕರು ಇಲ್ಲಿದ್ದರೆ ದಯವಿಟ್ಟು ದಾರಿ ತೋರಿಸಿ.

ಸಂಶೋಧನಾ ವಿದ್ಯಾರ್ಥಿ, ಚಿಂತಾಮಣಿ (ಈಗ ಬೆಂಗಳೂರು)

ಸರ್, ಮೊದಲು ಆ ಪಟ್ಟಿಯ ವಿಷಯ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಸ್ಟ್ಯಾನ್‌ಫರ್ಡ್ ವೈದ್ಯಕೀಯ ವಿಭಾಗದ ಎಂಟು ವಾರಗಳ ಬೇಸಿಗೆ ಕಾರ್ಯಕ್ರಮ, ಮೇನ್ ರಾಜ್ಯದ ಜಾಕ್ಸನ್ ಪ್ರಯೋಗಾಲಯ ಇವೆಲ್ಲ ನಿಜವಾದವೇ. ಆದರೆ ಹೈಸ್ಕೂಲು ಮಕ್ಕಳ ಮಟ್ಟದಲ್ಲಿ ಅವು ಅಮೆರಿಕದ ಪ್ರಜೆಗಳಿಗೆ ಮತ್ತು ಅಲ್ಲಿನ ಕಾಯಂ ನಿವಾಸಿಗಳಿಗೆ ಮಾತ್ರ. ನಿಮ್ಮ ವಿದ್ಯಾರ್ಥಿನಿ ಅರ್ಜಿ ತುಂಬುತ್ತಾ ರಾತ್ರಿ ನಿದ್ದೆಗೆಡುವುದು ಬೇಡ.

ನಮ್ಮ ದೇಶದಲ್ಲಿ ಹಣ ಕೊಡುವ ಯೋಜನೆಗಳಿವೆ, ಆದರೆ ಅವೆಲ್ಲ ಅವಳ ವಯಸ್ಸಿನ ಆಚೆಗೋ ಈಚೆಗೋ ನಿಂತುಬಿಡುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1979ರಿಂದ ನಡೆಸುತ್ತಿರುವ ಎರಡು ತಿಂಗಳ ವಿದ್ಯಾರ್ಥಿವೇತನ ಎಂಬಿಬಿಎಸ್, ಬಿಡಿಎಸ್ ಓದುವವರಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಬೇಸಿಗೆ ಫೆಲೋಶಿಪ್ ಪದವಿ ವಿದ್ಯಾರ್ಥಿಗಳಿಗೆ ಮತ್ತು ಅಧ್ಯಾಪಕರಿಗೆ. ಕೇಂದ್ರ ಸರ್ಕಾರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ, ಅದರಲ್ಲಿ 20,000 ಬೇಸಿಗೆಯ ಸಂಶೋಧನಾ ಕೆಲಸಕ್ಕೆಂದೇ ಮೀಸಲು. ಆದರೆ ಅದು ಪಿಯುಸಿ ಮುಗಿಸಿ ಮೂಲವಿಜ್ಞಾನ ಸೇರಿದವರಿಗೆ. ಎಂಬಿಬಿಎಸ್‌ಗೆ ಹೋದರೆ ಸಿಗದು. ಶಾಲಾ ಮಕ್ಕಳಿಗಿರುವ ಇನ್‌ಸ್ಪೈರ್ ಮಾನಕ್‌ನ 10,000 ರೂಪಾಯಿ ಮಾದರಿ ತಯಾರಿಸಲು ಕೊಡುವ ಹಣ. ಇಸ್ರೋದ ಯುವಿಕಾ ಒಂಬತ್ತನೆಯ ತರಗತಿಯವರಿಗೆ. ಪ್ರಯಾಣ, ಊಟ, ವಸತಿ ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರೆ, ಗ್ರಾಮೀಣ ಶಾಲೆಯವರಿಗೆ ಆದ್ಯತೆಯೂ ಇದೆ, ಆದರೆ ಅದು ಬಾಹ್ಯಾಕಾಶದ ವಿಷಯ.

ನಾನು ಪ್ರಥಮ ಪಿಯುಸಿಯಲ್ಲಿ ಕೆವಿಪಿವೈ ಎಂಬ ವಿಜ್ಞಾನ ವಿದ್ಯಾರ್ಥಿವೇತನದ ಪರೀಕ್ಷೆ ಬರೆದವನು. ಬಿ.ಎಸ್ಸಿ ಸೇರಿದ ಮೇಲೆ ತಿಂಗಳಿಗೆ 5,000 ರೂಪಾಯಿ ಬರುತ್ತಿತ್ತು. ಆ ಹಣ ಇಲ್ಲದಿದ್ದರೆ ಅಪ್ಪನ ರೇಷ್ಮೆಗೂಡಿನ ವ್ಯಾಪಾರಕ್ಕೆ ಕೈಜೋಡಿಸುತ್ತಿದ್ದೆ, ಅನುಮಾನವೇ ಇಲ್ಲ. 1999ರಲ್ಲಿ ಶುರುವಾದ ಆ ಯೋಜನೆಯನ್ನು 2022ರಲ್ಲಿ ನಿಲ್ಲಿಸಿ ಇನ್‌ಸ್ಪೈರ್‌ನೊಳಗೆ ಸೇರಿಸಿದರು. ನನಗೆ ಆ ನೋವು ಇನ್ನೂ ಇದೆ.

ಜಾಕ್ಸನ್ ಪ್ರಯೋಗಾಲಯದ ಬಗ್ಗೆ ಒಂದು ಮಾತು. 1955ರ ಬೇಸಿಗೆಯಲ್ಲಿ ಡೇವಿಡ್ ಬಾಲ್ಟಿಮೋರ್ ಎಂಬ ಹೈಸ್ಕೂಲು ಹುಡುಗ ಅಲ್ಲಿಗೆ ಹೋಗಿದ್ದ. ಅಲ್ಲಿದ್ದ ಹಿರಿಯ ವಿದ್ಯಾರ್ಥಿ ಹೊವರ್ಡ್ ಟೆಮಿನ್. 1970ರಲ್ಲಿ ಇವರಿಬ್ಬರೂ ಬೇರೆ ಬೇರೆ ಕಡೆ ಕುಳಿತು ಒಂದೇ ಕಿಣ್ವವನ್ನು ಕಂಡುಹಿಡಿದರು, 1975ರಲ್ಲಿ ನೊಬೆಲ್ ಹಂಚಿಕೊಂಡರು. ಕೊರೊನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಮಾಡುತ್ತಿದ್ದರಲ್ಲ, ಆ ಆರ್‌ಟಿ-ಪಿಸಿಆರ್ ಪರೀಕ್ಷೆಯ 'ಆರ್‌ಟಿ' (ರಿವರ್ಸ್ ಟ್ರಾನ್ಸ್‌ಕ್ರಿಪ್ಷನ್) ಎಂದರೆ ಅದೇ ಕಿಣ್ವ ಮಾಡುವ ಕೆಲಸ. ಹದಿನಾರು ಹದಿನೇಳರ ವಯಸ್ಸಿನಲ್ಲಿ ಕಂಡ ಒಂದು ಬೇಸಿಗೆ ಎಲ್ಲಿಗೆ ಕರೆದೊಯ್ಯುತ್ತದೆ ನೋಡಿ.

ತಂದೆ, ತುಮಕೂರು

ಶಿಕ್ಷಕರ ಕಾಳಜಿಗೆ ಗೌರವವಿದೆ. ಆದರೂ ಹೇಳಬೇಕಾದದ್ದನ್ನು ಹೇಳುತ್ತೇನೆ. ಎಂಬಿಬಿಎಸ್ ಸೀಟು ನೀಟ್ ಅಂಕದಿಂದ ಸಿಗುತ್ತದೆ, ಬೇರೆ ಯಾವುದರಿಂದಲೂ ಅಲ್ಲ. ಇಂಟರ್ನ್‌ಶಿಪ್ ಪ್ರಮಾಣಪತ್ರಕ್ಕೆ ಅಲ್ಲಿ ಅರ್ಧ ಅಂಕವೂ ಇಲ್ಲ. ಪ್ರಥಮ ಪಿಯುಸಿ ಮುಗಿದ ಮರುವಾರವೇ ಇಲ್ಲಿನ ಕಾಲೇಜುಗಳು ದ್ವಿತೀಯ ವರ್ಷದ ಪಾಠ ಶುರುಮಾಡುತ್ತವೆ. ಆ ಎರಡು ತಿಂಗಳು ಹಿಂದೆ ಬಿದ್ದ ಮಗು ಮತ್ತೆ ಹಿಡಿಯುವುದು ಕಷ್ಟ. ನನ್ನ ಮಗನ ಅನುಭವದಿಂದ ಹೇಳುತ್ತಿದ್ದೇನೆ. ಬಡ ಹುಡುಗಿಗೆ ಸಹಾಯ ಮಾಡುವುದಾದರೆ ಒಳ್ಳೆಯ ಕೋಚಿಂಗ್‌ಗೆ ಸೇರಿಸಿ.

ವಿಜ್ಞಾನ ಶಿಕ್ಷಕ, ಶ್ರೀನಿವಾಸಪುರ

ನಿಮ್ಮ ಮಾತು ಸತ್ಯ ಸರ್, ಅಂಕದ ಲೆಕ್ಕದಲ್ಲಿ ಇದರಿಂದ ಏನೂ ಸಿಗದು. ಅವಳಿಗೂ ಅದನ್ನೇ ಹೇಳಿದ್ದೇನೆ. ಆದರೆ ಅವಳ ಎದುರಿಗಿರುವ ಆಯ್ಕೆ ಕೋಚಿಂಗೋ ಪ್ರಯೋಗಾಲಯವೋ ಎಂಬುದಲ್ಲ, ಮಂಡಿಯೋ ಪ್ರಯೋಗಾಲಯವೋ ಎಂಬುದು. ಕೋಚಿಂಗ್ ಅವಳ ಲೆಕ್ಕಕ್ಕೇ ಬಂದಿಲ್ಲ.

ತಾಯಿ, ಚಿಕ್ಕಬಳ್ಳಾಪುರ

ಇಲ್ಲಿ ನಮ್ಮ ಕಥೆಯನ್ನೂ ಬರೆಯಬೇಕೆನಿಸಿತು, ಬೇರೆಯವರು ಮೋಸ ಹೋಗದಿರಲಿ ಎಂದು. ಹೋದ ವರ್ಷ ಮಗಳಿಗೆ "ವೈದ್ಯಕೀಯ ಸಂಶೋಧನಾ ಇಂಟರ್ನ್‌ಶಿಪ್" ಎಂದು ಜಾಹೀರಾತು ನೋಡಿ 38,000 ರೂಪಾಯಿ ಕಟ್ಟಿದೆವು. ಯಜಮಾನರ ಚಿನ್ನದ ಉಂಗುರ ಅಡವಿಟ್ಟ ಹಣ. ಆರು ಭಾನುವಾರ ಮೊಬೈಲಿನಲ್ಲಿ ಪಾಠವಾಯಿತು. ಆಮೇಲೆ ಮಗಳ ಹೆಸರು ಹಾಕಿದ ಒಂದು ಸಂಶೋಧನಾ ಲೇಖನ ಬಂತು. ಅದರ ಒಂದು ಸಾಲನ್ನೂ ಅವಳು ಬರೆದಿರಲಿಲ್ಲ. ಅದರಲ್ಲಿದ್ದ ರೋಗದ ಹೆಸರನ್ನು ಅವಳಿಗೆ ಉಚ್ಚರಿಸಲೂ ಬರುತ್ತಿರಲಿಲ್ಲ. "ಅಮ್ಮ, ಇದನ್ನು ಯಾರಿಗೂ ತೋರಿಸಬೇಡ, ನಾಚಿಕೆಯಾಗುತ್ತದೆ" ಎಂದಳು. ಹಣ ಹೋದದ್ದಕ್ಕಿಂತ ಆ ಮಾತು ಹೆಚ್ಚು ಚುಚ್ಚಿತು.

ಸಮುದಾಯ ವೈದ್ಯಕೀಯ ವಿಭಾಗದ ವೈದ್ಯೆ, ಕೋಲಾರ

ಅಮ್ಮ, ನಿಮ್ಮ ಮಗಳಿಗೆ ನನ್ನ ಪರವಾಗಿ ಒಂದು ಮಾತು ಹೇಳಿ: ಆ ನಾಚಿಕೆ ಬಹಳ ಒಳ್ಳೆಯ ಗುಣ. ತಾನು ಮಾಡದ ಕೆಲಸಕ್ಕೆ ತನ್ನ ಹೆಸರು ಇರಬಾರದು ಎಂದು ಯಾರೂ ಕಲಿಸದೆಯೇ ಅವಳಿಗೆ ಹೊಳೆಯಿತಲ್ಲ. ಸಂಶೋಧನೆಯ ಮೊದಲ ಪಾಠ ಅದೇ. ನಿಜವಾದ ಪ್ರಯೋಗಾಲಯ ಮಗುವಿನಿಂದ ಹಣ ಕೇಳುವುದಿಲ್ಲ, ಇಂತಿಷ್ಟು ವಾರದಲ್ಲಿ ಲೇಖನ ಪ್ರಕಟಿಸಿ ಕೊಡುತ್ತೇನೆಂದು ಮಾತು ಕೊಡುವುದೂ ಇಲ್ಲ.

ಶಿಕ್ಷಕರಿಗೆ: ನಮ್ಮ ವಿಭಾಗದಲ್ಲಿ ನೀರಿನ ಫ್ಲೋರೈಡ್ ಕುರಿತು ಒಂದು ಅಧ್ಯಯನ ನಡೆಯುತ್ತಿದೆ. ಜನರ ಮೇಲಿನ ಅಧ್ಯಯನಗಳನ್ನು ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆ ಈಗಾಗಲೇ ಸಿಕ್ಕಿದೆ. ಹೊಸ ಅಧ್ಯಯನವಾಗಿದ್ದರೆ ಒಪ್ಪಿಗೆಗೇ ತಿಂಗಳುಗಳು ಹಿಡಿಯುತ್ತಿದ್ದವು, ಈ ಬೇಸಿಗೆ ಕೈತಪ್ಪುತ್ತಿತ್ತು. ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಸಮಿತಿಗೆ ತಿಳಿಸಿ ಅನುಮತಿ ಪಡೆಯಬೇಕು, ಅದು ನನ್ನ ಜವಾಬ್ದಾರಿ.

ಕೆಲಸ ಏನೆಂದು ಬಿಡಿಸಿ ಹೇಳುತ್ತೇನೆ. ನಮ್ಮ ಜಿಲ್ಲೆಯ ಕೊಳವೆಬಾವಿಗಳು ಆಳಕ್ಕಿಳಿದಷ್ಟೂ ಬಂಡೆಯೊಳಗಿನ ಫ್ಲೋರೈಡ್ ನೀರಿಗೆ ಸೇರುವ ಅಪಾಯವಿದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಅದನ್ನು ಮೀರಿದ ನೀರನ್ನು ಎಳೆಯ ವಯಸ್ಸಿನಲ್ಲಿ, ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವ ಕಾಲದಲ್ಲಿ ಕುಡಿದರೆ ಹಲ್ಲಿನ ಮೇಲೆ ಬಿಳಿ ಮಚ್ಚೆ, ಕಂದು ಗೆರೆ ಬರುತ್ತವೆ. ಹೆಚ್ಚು ವರ್ಷ, ಹೆಚ್ಚು ಪ್ರಮಾಣವಾದರೆ ಮೂಳೆಗೂ ತಟ್ಟುತ್ತದೆ. ಈಗ ಹಳ್ಳಿಹಳ್ಳಿಯಲ್ಲಿ ಶುದ್ಧ ನೀರಿನ ಘಟಕಗಳಿವೆ. ಆದರೂ ಯಾವ ಮನೆಯಲ್ಲಿ ಯಾವ ನೀರು ಯಾವುದಕ್ಕೆ ಬಳಕೆಯಾಗುತ್ತದೆ ಎಂಬುದು ಯಾವ ಕಡತದಲ್ಲೂ ಇಲ್ಲ. ಮನೆಮನೆಗೆ ಹೋಗಿ ಕೇಳಬೇಕು, ನೀರಿನ ಮಾದರಿ ತರಬೇಕು, ಪ್ರಯೋಗಾಲಯದಲ್ಲಿ ಎಲೆಕ್ಟ್ರೋಡ್ ಬಳಸಿ ಅಳೆಯಬೇಕು, ಪ್ರತಿ ಅಂಕಿಯನ್ನೂ ಪುಸ್ತಕದಲ್ಲಿ ಶಾಯಿಯಲ್ಲಿ ಬರೆಯಬೇಕು. ತಪ್ಪಾದರೆ ಅಳಿಸದೆ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು.

ಇಂಥ ಕೆಲಸಕ್ಕೆ ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಿಗಿಂತ ನಿಮ್ಮೂರಿನ ಮಕ್ಕಳೇ ಮೇಲು ಎಂಬುದು ನನ್ನ ದೃಢ ನಂಬಿಕೆ. ಶ್ರೀನಿವಾಸಪುರದ ಕಡೆ ಮನೆಮಾತು ಎಷ್ಟೋ ಕಡೆ ತೆಲುಗು, ಶಾಲೆಯ ಮಾತು ಕನ್ನಡ. ಹೊರಗಿನವರು ಬಂದು ಪ್ರಶ್ನಾವಳಿ ಓದಿದರೆ ಮನೆಯವರು "ಎಲ್ಲಾ ಫಿಲ್ಟರ್ ನೀರೇ" ಎಂದು ಹೇಳಿ ಕಳಿಸುತ್ತಾರೆ. ಪಕ್ಕದೂರಿನ ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಅವರದೇ ಮಾತಿನಲ್ಲಿ ಕೇಳಿದರೆ ನಿಜ ಹೊರಬರುತ್ತದೆ.

ತೊಡಕು ಒಂದೇ. ನಮ್ಮ ಅಧ್ಯಯನದ ಹಣದಲ್ಲಿ ರಾಸಾಯನಿಕಕ್ಕೆ, ವಾಹನಕ್ಕೆ ಬಾಬತ್ತು ಇದೆ. ಶಾಲಾ ವಿದ್ಯಾರ್ಥಿಗಳ ಸ್ಟೈಪೆಂಡಿಗೆ ಇಲ್ಲ. ಪುಕ್ಕಟೆ ದುಡಿಸಿಕೊಳ್ಳಲು ನನ್ನ ಮನಸ್ಸು ಒಪ್ಪುವುದಿಲ್ಲ.

ಶುಶ್ರೂಷಾಧಿಕಾರಿ, ಕೆಜಿಎಫ್

ಮೂವತ್ತು ವರ್ಷ ವಾರ್ಡಿನಲ್ಲಿ ಕಳೆದವಳಾಗಿ ಹೇಳುತ್ತೇನೆ, ಮಕ್ಕಳನ್ನು ಸೇರಿಸಿಕೊಳ್ಳುವ ಮೊದಲು ಯಾವ ಬಾಗಿಲು ಅವರಿಗೆ ಮುಚ್ಚಿರಬೇಕು ಎಂಬುದನ್ನು ಬರೆದಿಡಿ. ರಕ್ತ ತೆಗೆಯುವ ಕೋಣೆ ಬೇಡ. ಸೂಜಿ ಮುಟ್ಟುವುದು ಬೇಡ. ಕೆಂಪು, ಹಳದಿ ಚೀಲದ ತ್ಯಾಜ್ಯದ ಹತ್ತಿರ ಬಿಡಲೇಬೇಡಿ. ಕ್ಷಯ ರೋಗಿಗಳ ಕಫದ ಮಾದರಿ ಇರುವ ಕಡೆಗೂ, ಎಕ್ಸ್‌ರೇ ಕೋಣೆಗೂ ಬಿಡಬೇಡಿ. 2016ರ ತಿದ್ದುಪಡಿಯ ನಂತರ ಬಾಲಕಾರ್ಮಿಕ ಕಾಯ್ದೆ 14ರಿಂದ 18 ವರ್ಷದವರನ್ನೂ ಅಪಾಯಕಾರಿ ಕೆಲಸಕ್ಕೆ ಹಚ್ಚುವುದನ್ನು ನಿಷೇಧಿಸಿದೆ. ಇದು ಕಲಿಕೆಯೇ ಹೊರತು ಉದ್ಯೋಗವಲ್ಲ ಎಂದು ಪತ್ರದಲ್ಲಿ ಸ್ಪಷ್ಟವಾಗಿರಲಿ, ತಂದೆ ತಾಯಿಯ ಸಹಿ ಇರಲಿ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಹಳ್ಳಿಯ ಮಗು ಪಕ್ಕದ ಮನೆಗೇ ಹೋಗಿ ಪ್ರಶ್ನೆ ಕೇಳುತ್ತದೆ. ಅಲ್ಲಿ ಕಂಡ ಕಾಯಿಲೆ, ಕೇಳಿದ ಮಾತು ಊರ ಕಟ್ಟೆಗೆ ಬರಬಾರದು. ಮೊದಲ ದಿನವೇ ಅದನ್ನು ಕೂರಿಸಿ ಕಲಿಸಿ. ನಮ್ಮ ಗಣಿ ಕಾರ್ಮಿಕರ ಕುಟುಂಬಗಳಲ್ಲಿ ಶ್ವಾಸಕೋಶದ ಕಾಯಿಲೆಯ ಮಾತು ಹೊರಬಿದ್ದು ಮಗಳ ಸಂಬಂಧವೇ ಮುರಿದದ್ದನ್ನು ನೋಡಿದ್ದೇನೆ.

ಪ್ರಥಮ ಪಿಯುಸಿ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಸರ್ ಹೇಳಿದ ಹುಡುಗಿ ನಾನೇ. ಅಮ್ಮನನ್ನು ಕೇಳಿ ಬರೆಯುತ್ತಿದ್ದೇನೆ.

ಡಾಕ್ಟರ್ ಮೇಡಂ ಬರೆದದ್ದನ್ನು ಎರಡು ಸಲ ಓದಿದೆ. ನನ್ನ ತಮ್ಮನಿಗೆ ಮುಂದಿನ ಹಲ್ಲುಗಳಲ್ಲಿ ಕಂದು ಗೆರೆಗಳಿವೆ. ಶಾಲೆಯ ಫೋಟೋ ತೆಗೆಸುವಾಗ ಅವನು ಬಾಯಿ ಮುಚ್ಚಿಕೊಳ್ಳುತ್ತಾನೆ. ಅವನು ಸರಿಯಾಗಿ ಉಜ್ಜುವುದಿಲ್ಲ ಎಂದು ನಾವೆಲ್ಲ ಬೈಯುತ್ತಿದ್ದೆವು. ನಾನೂ ಬೈದಿದ್ದೇನೆ.

ನಮ್ಮ ಮನೆಯಲ್ಲಿ ಕುಡಿಯಲು ಘಟಕದ ನೀರು. ಐದು ರೂಪಾಯಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿ ತರುತ್ತೇವೆ. ಆದರೆ ಮುದ್ದೆಗೆ ಎಸರಿಡುವುದು, ಸಾರು ಮಾಡುವುದು, ಹುರುಳಿ ಬೇಯಿಸುವುದು ಎಲ್ಲಾ ನಲ್ಲಿಯ ನೀರಿನಲ್ಲೇ. ಅದು ಕೊಳವೆಬಾವಿಯ ನೀರು. ನೀರು ಕುದಿಸಿದರೆ ಫ್ಲೋರೈಡ್ ಹೋಗುತ್ತದೆಯೇ ಮೇಡಂ? ಮುದ್ದೆ ತಿಂದರೆ ಅದರ ಮೂಲಕ ಎಷ್ಟು ಹೊಟ್ಟೆಗೆ ಹೋಗುತ್ತದೆ ಎಂದು ಅಳೆಯಲು ಆಗುತ್ತದೆಯೇ? ನನಗೆ ಈ ಪ್ರಶ್ನೆಯ ಮೇಲೆಯೇ ಕೆಲಸ ಮಾಡಬೇಕೆಂದು ಆಸೆ. ಇಂಗ್ಲಿಷ್ ಓದಲು ಬರುತ್ತದೆ, ಮಾತನಾಡಲು ಭಯ.

ಸಮುದಾಯ ವೈದ್ಯಕೀಯ ವಿಭಾಗದ ವೈದ್ಯೆ, ಕೋಲಾರ

ಕುದಿಸಿದರೆ ಹೋಗುವುದಿಲ್ಲ ಮಗಳೇ. ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಹಾಗಾಗಿ ಉಳಿದ ನೀರಿನಲ್ಲಿ ಪ್ರಮಾಣ ಇನ್ನೂ ಸ್ವಲ್ಪ ಹೆಚ್ಚೇ ಆಗುತ್ತದೆ. ಮುದ್ದೆಯ ಪ್ರಶ್ನೆಗೆ ಈಗ ಉತ್ತರ ಹೇಳುವುದಿಲ್ಲ, ನೀನೇ ಅಳೆದು ನನಗೆ ಹೇಳಬೇಕು. ಎಸರಿಗೆ ಎಷ್ಟು ಲೋಟ ನೀರು, ಎಷ್ಟು ಹಿಟ್ಟು, ಒಬ್ಬರು ಎಷ್ಟು ಮುದ್ದೆ ತಿನ್ನುತ್ತಾರೆ ಎಂದು ಇವತ್ತಿನಿಂದಲೇ ಮನೆಯಲ್ಲಿ ಬರೆದಿಡಲು ಶುರುಮಾಡು. ಕನ್ನಡದಲ್ಲೇ ಬರೆ. ಅಂಕಿ ಸರಿಯಿದ್ದರೆ ಸಾಕು.

ತಮ್ಮನನ್ನು ಇನ್ನು ಬೈಯಬೇಡ.

ಟೊಮೆಟೊ ಮಂಡಿ ವರ್ತಕ, ಕೋಲಾರ

ನಾನು ಓದಿದವನಲ್ಲ, ಏಳನೆಯ ತರಗತಿಗೆ ಬಿಟ್ಟೆ. ಮಗ ಈ ಚರ್ಚೆಯನ್ನು ಓದಿ ಹೇಳಿದ, ನನ್ನ ಮಾತನ್ನು ಅವನೇ ಬರೆಯುತ್ತಿದ್ದಾನೆ. ನಮ್ಮ ಎಪಿಎಂಸಿಯಲ್ಲಿ ರಜೆ ಬಂತೆಂದರೆ ಪಿಯುಸಿ ಹುಡುಗರು 15 ಕೆಜಿ ಬಾಕ್ಸ್ ಹೊರಲು ಬರುತ್ತಾರೆ. ಬೇಡವೆಂದರೆ "ಅಣ್ಣ, ಫೀಸು ಕಟ್ಟಬೇಕು" ಎನ್ನುತ್ತಾರೆ. ಏನು ಮಾಡಲಿ? ಆ ಡಾಕ್ಟರಮ್ಮನ ಹತ್ತಿರ ಕಲಿಯುವ ಮಕ್ಕಳಲ್ಲಿ ಇಬ್ಬರ ಖರ್ಚು ನಾನು ಕೊಡುತ್ತೇನೆ. ಎಷ್ಟೆಂದು ಹೇಳಿ. ಹೆಸರು ಹಾಕುವುದು, ಫೋಟೋ, ಶಾಲು ಏನೂ ಬೇಡ.

ವಿಜ್ಞಾನ ಶಿಕ್ಷಕ, ಶ್ರೀನಿವಾಸಪುರ

ಅಣ್ಣಾವರೇ, ನಿಮಗೆ ಹೇಗೆ ಕೃತಜ್ಞತೆ ಹೇಳಲಿ. ನನ್ನ ಲೆಕ್ಕ ಹೀಗಿದೆ. 2025–26ರಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಮಗು ಆ ಮೊತ್ತಕ್ಕಿಂತ ಕಡಿಮೆ ಪಡೆದರೆ ಮನೆಯಲ್ಲಿ ಒಪ್ಪುವುದಿಲ್ಲ, ಒಪ್ಪಬೇಕೆಂದು ಕೇಳುವುದೂ ನ್ಯಾಯವಲ್ಲ. ಐದು ವಾರ, ವಾರಕ್ಕೆ ಆರು ದಿನ, ಒಟ್ಟು ಮೂವತ್ತು ದಿನ: ಒಬ್ಬರಿಗೆ 11,100 ರೂಪಾಯಿ. ನಾಲ್ವರು ಮಕ್ಕಳನ್ನು ಸೇರಿಸಿಕೊಂಡರೆ 44,400. ಮಧ್ಯಾಹ್ನದ ಊಟ ಬೇರೆ. ಹುಡುಗಿಯರಿಗೆ ಶಕ್ತಿ ಯೋಜನೆಯಿಂದ ಬಸ್ ಉಚಿತ, ಹುಡುಗರಿಗೆ ಬಸ್ ಖರ್ಚು ಸೇರಿಸಬೇಕು.

ಬ್ಯಾಂಕ್ ಉದ್ಯೋಗಿ, ಮಾಲೂರು

ಹಣವನ್ನು ನಗದಾಗಿ ಕೊಡಬೇಡಿ. ಹತ್ತು ವರ್ಷ ದಾಟಿದ ಮಗು ತನ್ನ ಹೆಸರಿನಲ್ಲೇ ಉಳಿತಾಯ ಖಾತೆ ತೆರೆದು ತಾನೇ ನಡೆಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ವಿದ್ಯಾರ್ಥಿವೇತನಕ್ಕೆಂದು ಎಷ್ಟೋ ಮಕ್ಕಳಿಗೆ ಈಗಾಗಲೇ ಖಾತೆ ಇರುತ್ತದೆ. ವಾರ ವಾರ ಹಾಕಿದರೆ ಇನ್ನೂ ಒಳ್ಳೆಯದು. ಮಂಡಿಯಲ್ಲಿ ಶನಿವಾರಕ್ಕೆ ಕೂಲಿ ಕೈಗೆ ಬರುತ್ತದೆ, ಇಲ್ಲಿ ಐದು ವಾರ ಕಾಯಿರಿ ಎಂದರೆ ಮನೆ ನಡೆಯುವುದು ಹೇಗೆ? ಮೂರನೆಯ ಮಗುವಿನ ಮೊತ್ತವನ್ನು ನಾನೂ ನನ್ನ ಇಬ್ಬರು ಸಹಪಾಠಿಗಳೂ ಸೇರಿ ಕೊಡುತ್ತೇವೆ.

ತಂದೆ, ತುಮಕೂರು

ಎರಡು ದಿನದಿಂದ ಇದನ್ನೇ ಓದುತ್ತಿದ್ದೇನೆ. ನೀಟ್ ಬಗ್ಗೆ ನಾನು ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆ ಹುಡುಗಿ ದಿನಕ್ಕೆ ಎರಡು ಗಂಟೆಯಾದರೂ ಜೀವಶಾಸ್ತ್ರ, ಭೌತಶಾಸ್ತ್ರ ಓದಲೇಬೇಕು. ನನ್ನ ಮಗ ಬಳಸಿದ ಪುಸ್ತಕಗಳಿವೆ, ಅಂಚೆಯಲ್ಲಿ ಕಳಿಸುತ್ತೇನೆ.

ಆದರೆ ಒಂದು ವಿಷಯ. ನಮ್ಮ ಮೂಲ ಊರು ಪಾವಗಡ ತಾಲ್ಲೂಕು. ನನ್ನ ತಂದೆಗೆ ಐವತ್ತಕ್ಕೇ ಬೆನ್ನು ಬಾಗಿತು, ಕತ್ತು ತಿರುಗುತ್ತಿರಲಿಲ್ಲ. ವಾತ ಎಂದು ಎಣ್ಣೆ ಹಚ್ಚಿದೆವು. ನೀರಿನಿಂದ ಬಂದದ್ದಿರಬಹುದು ಎಂದು ವೈದ್ಯರೊಬ್ಬರು ಹೇಳುವ ಹೊತ್ತಿಗೆ ಕಾಲ ಮಿಂಚಿತ್ತು. ಮುಂದಿನ ವರ್ಷ ಪಾವಗಡದಲ್ಲೂ ಇಂಥದ್ದನ್ನು ಮಾಡಲು ಸಾಧ್ಯವೇ ಡಾಕ್ಟರ್? ನಾಲ್ಕನೆಯ ಮಗುವಿನ ಹಣ ಈ ವರ್ಷ ನನ್ನದಿರಲಿ.

ಸಂಶೋಧನಾ ವಿದ್ಯಾರ್ಥಿ, ಚಿಂತಾಮಣಿ (ಈಗ ಬೆಂಗಳೂರು)

ಆಯ್ಕೆಯ ಬಗ್ಗೆ ಒಂದು ಬೇಡಿಕೆ. ಹತ್ತನೆಯ ತರಗತಿಯ ಅಂಕದ ಪ್ರಕಾರ ಮೊದಲ ನಾಲ್ವರನ್ನು ತೆಗೆದುಕೊಳ್ಳಬೇಡಿ. ತಮ್ಮ ಮನೆಯ ನೀರಿನ ಬಗ್ಗೆ ಒಂದು ಪುಟ ಬರೆಯಲು ಹೇಳಿ. ಯಾರಿಗೆ ನಿಜವಾದ ಪ್ರಶ್ನೆ ಇದೆಯೋ ಅವರು ಅಲ್ಲೇ ಕಾಣುತ್ತಾರೆ, ಮುದ್ದೆಯ ಪ್ರಶ್ನೆ ಕಂಡ ಹಾಗೆ.

ಮಕ್ಕಳಿಗೂ ಒಂದು ಮಾತು. ನನ್ನ ಮೊದಲ ಪ್ರಯೋಗಾಲಯದ ಮೊದಲ ಮೂರು ವಾರ ನಾನು ಗಾಜಿನ ಪಾತ್ರೆ ತೊಳೆದೆ, ಹಣ್ಣುನೊಣ ಎಣಿಸಿದೆ, ಒಂದೇ ಅಳತೆಯನ್ನು ಇಪ್ಪತ್ತು ಸಲ ತೆಗೆದೆ. ಇಪ್ಪತ್ತೂ ಬೇರೆ ಬೇರೆ ಬಂದವು. ನನಗೆ ಯೋಗ್ಯತೆಯಿಲ್ಲವೆಂದು ಹಾಸ್ಟೆಲಿಗೆ ಹೋಗಿ ಅತ್ತೆ. ನಂತರ ತಿಳಿಯಿತು, ಎಲ್ಲರಿಗೂ ಹಾಗೆಯೇ ಬರುತ್ತದೆ, ಏಕೆ ಬೇರೆ ಬಂತು ಎಂದು ಹುಡುಕುವುದೇ ಕೆಲಸ. ಭಾನುವಾರಗಳಂದು ನಾನು ಕೋಲಾರಕ್ಕೆ ಬಂದು ಅಳತೆ, ಸರಾಸರಿ, ನಕ್ಷೆ ಕಲಿಸುತ್ತೇನೆ. ಚಿಕ್ಕಬಳ್ಳಾಪುರದ ಅಮ್ಮ, ನಿಮ್ಮ ಮಗಳನ್ನೂ ಕಳಿಸಿ. ಒಂದು ಪೈಸೆ ಬೇಡ.

ತಾಯಿ, ಚಿಕ್ಕಬಳ್ಳಾಪುರ

ಕಳಿಸುತ್ತೇನೆ. ಅವಳೇ ಕೇಳುತ್ತಿದ್ದಾಳೆ.

ವಿಜ್ಞಾನ ಶಿಕ್ಷಕ, ಶ್ರೀನಿವಾಸಪುರ

ಹನ್ನೊಂದು ಮಕ್ಕಳು ಒಂದೊಂದು ಪುಟ ಬರೆದು ತಂದರು. ಡಾಕ್ಟರ್ ಮೇಡಂ, ನಾನು, ಪಿಯು ಕಾಲೇಜಿನ ಜೀವಶಾಸ್ತ್ರ ಉಪನ್ಯಾಸಕಿ ಮೂವರೂ ಕುಳಿತು ಓದಿ ನಾಲ್ವರನ್ನು ಆರಿಸಿದೆವು: ಮೂವರು ಹುಡುಗಿಯರು, ಒಬ್ಬ ಹುಡುಗ. ಉಳಿದ ಏಳು ಪುಟಗಳೂ ನನ್ನ ಮೇಜಿನ ಮೇಲಿವೆ. ಅವುಗಳನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಒಬ್ಬ ಹುಡುಗ ತನ್ನ ಊರಿನ ಮೂರು ಕೊಳವೆಬಾವಿ ಬತ್ತಿದ ಕ್ರಮವನ್ನು ವರ್ಷ ಸಮೇತ ಬರೆದಿದ್ದ. ಅವನನ್ನು ಬಿಟ್ಟದ್ದು ತಪ್ಪೆಂದು ಈಗಲೂ ಅನಿಸುತ್ತಿದೆ.

ಏಪ್ರಿಲ್ ಮೂರನೆಯ ವಾರ ಸೋಮವಾರದಿಂದ ಶುರು. ನಾಲ್ವರ ತಾಯಂದಿರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದಾರೆ. ಒಬ್ಬರು ಹೆಬ್ಬೆಟ್ಟು ಒತ್ತಿದರು. ಒತ್ತುವ ಮೊದಲು ಇಡೀ ಪತ್ರವನ್ನು ತೆಲುಗಿನಲ್ಲಿ ಹೇಳಿಸಿಕೊಂಡು, ಎರಡು ಪ್ರಶ್ನೆ ಕೇಳಿ, ಆಮೇಲೆ ಒತ್ತಿದರು. ಮೇಡಂ, ಮೊದಲ ದಿನ ಮಕ್ಕಳು ಏನೇನು ತರಬೇಕು?

ಸಮುದಾಯ ವೈದ್ಯಕೀಯ ವಿಭಾಗದ ವೈದ್ಯೆ, ಕೋಲಾರ

ಇನ್ನೂರು ಪುಟದ ಗೆರೆಯ ಪುಸ್ತಕ, ನೀಲಿ ಪೆನ್ನು, ಮುಂದೆ ಮುಚ್ಚಿರುವ ಚಪ್ಪಲಿ ಅಥವಾ ಶೂ, ಕಾಲೇಜಿನ ಗುರುತಿನ ಚೀಟಿ. ಹಾಗೆಯೇ ಪ್ರತಿಯೊಬ್ಬರೂ ಮನೆಯ ನಲ್ಲಿಯ ನೀರನ್ನು ಅರ್ಧ ಲೀಟರಿನಷ್ಟು ತರಲಿ. ಗಾಜಿನ ಶೀಷೆಯಲ್ಲಿ ಬೇಡ, ಫ್ಲೋರೈಡ್ ಗಾಜಿನೊಂದಿಗೆ ವರ್ತಿಸುತ್ತದೆ. ತೊಳೆದ ಪ್ಲಾಸ್ಟಿಕ್ ಬಾಟಲಿ ಸಾಕು. ಅದೇ ನೀರಿನಿಂದ ಮೂರು ಸಲ ಗಲಬರಿಸಿ ಆಮೇಲೆ ತುಂಬಲಿ, ಮೇಲೆ ಚೀಟಿ ಅಂಟಿಸಿ ಊರು, ದಿನ, ಗಂಟೆ ಬರೆಯಲಿ. ಕೊಳವೆಬಾವಿ ಬಗ್ಗೆ ಬರೆದ ಆ ಹುಡುಗನಿಗೂ ಒಂದು ಬಾಟಲಿ ತುಂಬಿಕೊಂಡು ಬರಲು ಹೇಳಿ ಸರ್. ಅವನ 11,100 ರೂಪಾಯಿ ನಾನು ಕೊಡುತ್ತೇನೆ.